ಬೀದಿಯ ಛಾಯಾಚಿತ್ರವೂ ನೆರೆಯವರ ಮಾತೂ

ಕವಿತೆಗೆ ವಿಮರ್ಶೆ ಬೇಕೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ನಾಟಕವಾಡಿದವರೂ ಮರುದಿನ ನಾಲ್ಕು ಜನರ ಅಭಿಪ್ರಾಯ ಕೇಳುತ್ತಾರೆ. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಯಂತ್ರವೇ ಮಾಡಿತೆಂಬ ಭಾವನೆ ಬಲವಾಗಿದೆ. ಆದ್ದರಿಂದ "ಚೆನ್ನಾಗಿದೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಬದಲಾಗುತ್ತಿರುವ ಬೀದಿಯನ್ನು ಚಿತ್ರಿಸುವವನಿಗೆ ಇಷ್ಟು ಸಾಲದು. ಇಂದು ಕಂಡ ಓಣಿ ಮುಂದಿನ ವರ್ಷ ಇಲ್ಲದೆ ಹೋಗಬಹುದು; ಆಗ ಉಳಿಯುವುದು ಚಿತ್ರವೊಂದೇ. ಅದು ಆ ಓಣಿಯ ಜನರ ವಿಷಯವಾಗಿ ಸರಿಯಾದುದನ್ನು ಹೇಳುತ್ತಿದೆಯೇ ಎಂಬುದನ್ನು ಯಾರು ನಿರ್ಣಯಿಸಬೇಕು? ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯ ಇತಿಹಾಸದಲ್ಲಿ ಇದಕ್ಕೆ ಎರಡು ಉತ್ತರಗಳು ದೊರೆಯುತ್ತವೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕಪ್ಪು ಜನರು ಹಾರ್ಲೆಮ್‌ನಲ್ಲಿ ನೆಲೆಸಿದರು. 1930ರ ದಶಕದ ಆರ್ಥಿಕ ಮುಗ್ಗಟ್ಟು ಅವರನ್ನು ಹಣ್ಣು ಮಾಡಿತು. 1936ರಲ್ಲಿ ಅದೇ ನಗರದಲ್ಲಿ ಫೋಟೋ ಲೀಗ್ ಎಂಬ ಸಂಘ ಹುಟ್ಟಿತು. ಅದರ ಒಂದು ತಂಡ ಏರನ್ ಸಿಸ್ಕಿಂಡ್ ಅವರ ಮುಂದಾಳುತನದಲ್ಲಿ 'ಹಾರ್ಲೆಮ್ ಡಾಕ್ಯುಮೆಂಟ್' ಎಂಬ ಚಿತ್ರಮಾಲೆಯನ್ನು ಕೈಗೊಂಡು, ತೆಗೆದ ಚಿತ್ರಗಳನ್ನು ಒಟ್ಟಿಗೆ ಕುಳಿತು ಚರ್ಚಿಸುತ್ತಿತ್ತು. ಚಿತ್ರಗಳು ಅದರಿಂದ ಬಲಗೊಂಡವೆಂದೇ ನನ್ನ ನಂಬಿಕೆ. ಆದರೆ ಯೋಜನೆಗೆ ಜೊತೆಯಾದ ಮೈಕೇಲ್ ಕಾರ್ಟರ್ ಎಂಬ ಕಪ್ಪು ಲೇಖಕರನ್ನು ಬಿಟ್ಟರೆ, ಚರ್ಚಿಸುತ್ತಿದ್ದವರು ಬಹುಮಟ್ಟಿಗೆ ಹೊರಗಿನವರು. 1940ರಲ್ಲಿ 'ಲುಕ್' ಪತ್ರಿಕೆ ಕೆಲವು ಚಿತ್ರಗಳನ್ನು ಅಚ್ಚು ಮಾಡಿದಾಗ, ಹಾರ್ಲೆಮ್ ಎಂದರೆ ಕೊರತೆ, ಇಕ್ಕಟ್ಟು ಎಂಬ ಭಾವನೆಯೇ ಮೇಲಾಯಿತು. ತಂಡದವರಲ್ಲಿ ಅನುಕಂಪಕ್ಕೆ ಬರವಿರಲಿಲ್ಲ. ಆದರೆ ಅನುಕಂಪಕ್ಕೆ ಗುರಿಯಾಗುವುದು ಎಲ್ಲರಿಗೂ ಹಿತವಲ್ಲ. ಬಡವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಉತ್ತರ ಹಾರ್ಲೆಮ್‌ನ ಒಳಗಿನಿಂದಲೇ ಬಂದಿತು. ಅಲ್ಲಿಯೇ 1919ರಲ್ಲಿ ಹುಟ್ಟಿದ ರಾಯ್ ಡಿಕರಾವ 1952ರಲ್ಲಿ ಗುಗೆನ್‌ಹೈಮ್ ಸಹಾಯಧನ ಪಡೆದು ತನ್ನ ನೆರೆಹೊರೆಯನ್ನು ಚಿತ್ರಿಸಿದರು. 1955ರಲ್ಲಿ, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಬರೆದ ಕಥನದೊಡನೆ, ಆ ಚಿತ್ರಗಳು ಪುಸ್ತಕವಾದವು. ಕಥೆ ಹೇಳುವವಳು ಹಾರ್ಲೆಮ್‌ನ ಒಬ್ಬ ಅಜ್ಜಿ. ಡಿಕರಾವ ತಮ್ಮ ಚಿತ್ರಗಳನ್ನು ಗಾಢವಾಗಿ ಮುದ್ರಿಸುತ್ತಿದ್ದರು. ಕಪ್ಪಿನೊಳಗೆ ಎಷ್ಟೋ ಛಾಯೆಗಳಿರುವುದು ಅಲ್ಲಿ ಕಾಣುತ್ತದೆ. ಬೆಳ್ಳಗೆ ಮುದ್ರಿಸಿದ್ದರೆ ಮುಖಗಳು ಸ್ಪಷ್ಟವಾಗುತ್ತಿದ್ದವು, ಆ ಸಂಜೆ ಮಾತ್ರ ಮಾಯವಾಗುತ್ತಿತ್ತು.

1963ರಲ್ಲಿ ನ್ಯೂಯಾರ್ಕಿನ ಕಪ್ಪು ಛಾಯಾಗ್ರಾಹಕರು ಕೂಡಿ ಕಮೋಯಿಂಗೆ ಕಾರ್ಯಶಾಲೆಯನ್ನು ಆರಂಭಿಸಿದಾಗ ಡಿಕರಾವ ಅದರ ಮೊದಲ ನಿರ್ದೇಶಕರಾದರು. ಲೂಯಿ ಡ್ರೇಪರ್ ಮೊದಲಾದವರು ಅದರ ಸದಸ್ಯರು. ಕಮೋಯಿಂಗೆ ಎಂಬುದು ಕೀನ್ಯಾದ ಕಿಕುಯು ಭಾಷೆಯ ಮಾತು. ಕೂಡಿ ದುಡಿಯುವ ಜನರ ಗುಂಪು ಎಂದು ಅರ್ಥ. ಭಾನುವಾರಗಳಂದು ಅವರು ಸದಸ್ಯರ ಮನೆಗಳಲ್ಲಿ ಸೇರಿ ಒಬ್ಬರ ಚಿತ್ರವನ್ನು ಮತ್ತೊಬ್ಬರು ದಾಕ್ಷಿಣ್ಯವಿಲ್ಲದೆ ಪರೀಕ್ಷಿಸುತ್ತಿದ್ದರು. ಊಟ, ಜಾಝ್ ಸಂಗೀತ, ಪುಸ್ತಕಗಳ ಮಾತು, ಎಲ್ಲವೂ ಅದೇ ಕೂಟದಲ್ಲಿ. ನಾವು ಇದನ್ನು ಗಮನಿಸಬೇಕು: ಬೀದಿಯನ್ನು ಬಲ್ಲವರ ನಡುವೆ ಚಿತ್ರವನ್ನಿಟ್ಟಾಗ ಅದು ಅಂದವಾಗಿದೆಯೇ ಎಂಬುದರ ಜೊತೆಗೆ ಇದು ನಮ್ಮ ಬೀದಿಯೇ ಎಂಬ ಪ್ರಶ್ನೆಯೂ ಏಳುತ್ತದೆ. ಹೊರಗಿನ ಪಂಡಿತನು ಮೊದಲನೆಯದನ್ನು ಕೇಳಬಲ್ಲನು. ಎರಡನೆಯದನ್ನು ಕೇಳಲು ಆ ಜಗಲಿಯ ಮೇಲೆ ಕುಳಿತಿರಬೇಕು.

ನಮ್ಮ ಊರಿನಲ್ಲಿಯೂ ಇದನ್ನು ಕಂಡಿದ್ದೇನೆ. ರಸ್ತೆ ಅಗಲ ಮಾಡಲು ಒಡೆದಿದ್ದ ಪೇಟೆಬೀದಿಯ ಮನೆಗಳನ್ನು ಗೆಳೆಯರೊಬ್ಬರು ಚಿತ್ರಿಸಿದ್ದರು. ಸಹಪಾಠಿಗಳೆಲ್ಲ ನೆರಳು ಬೆಳಕನ್ನು ಕೊಂಡಾಡಿದರು. ಅಕ್ಷರ ಕಲಿಯದ ನಮ್ಮ ತಂದೆಯವರು ಅದನ್ನು ಬಹಳ ಹೊತ್ತು ನೋಡಿ, "ಅರ್ಧ ಗೋಡೆಗೆ ಈ ತಿಂಗಳ ಕ್ಯಾಲೆಂಡರ್ ತೂಗುಹಾಕವ್ರೆ. ಒಳಗೆ ಜನ ಇನ್ನೂ ಅವ್ರೆ ಕಣಪ್ಪ. ಅವ್ರೆಲ್ಲಿ?" ಎಂದರು. ಗೆಳೆಯರು ಮರುದಿನ ಬೆಳಿಗ್ಗೆ ಮತ್ತೆ ಹೋದರು. ಎರಡನೆಯ ಚಿತ್ರದಲ್ಲಿ ಮುಂಭಾಗವಿಲ್ಲದ ಮನೆಯೆದುರು ಹೆಂಗಸೊಬ್ಬಳು ರಂಗೋಲಿ ಬಿಡುತ್ತಿದ್ದಾಳೆ. ಮೊದಲನೆಯದಕ್ಕಿಂತ ಅದರಲ್ಲಿ ಬೆಳಕು ಸಾಧಾರಣ. ಚಿತ್ರವೋ ನೂರುಪಾಲು ಮೇಲು.

ನಮ್ಮ ಕಾಲೇಜಿನಲ್ಲಿ ಇಂಥ ಕೂಟ ನಡೆಸಲು ಹಣವೇನೂ ಬೇಡ. ಈಗ ಬಹುಮಂದಿಯ ಕೈಯಲ್ಲಿ ಮೊಬೈಲ್ ಇದೆ. ಐದಾರು ಜನರು ಸೇರಿ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಮೇಜಿನ ಮೇಲೆ ಹರಡಬೇಕು. ತೆಗೆದವನು ಮೊದಲು ಬಾಯಿ ತೆರೆಯಕೂಡದು. ಅವನ ವಿವರಣೆ ಕೇಳಿದ ಮೇಲೆ ಚಿತ್ರದಲ್ಲಿಲ್ಲದುದೂ ಕಾಣತೊಡಗುತ್ತದೆ. ನೋಡಿದವರು ತಮಗೆ ಕಂಡುದನ್ನೇ ಹೇಳಲಿ. ಅನಂತರ ಅದೇ ಪ್ರತಿಗಳನ್ನು ಆ ಬೀದಿಯ ಕ್ಷೌರದಂಗಡಿಗೋ ಹೋಟೆಲಿಗೋ ಒಯ್ದು ತೋರಿಸಿ, ಬೇಡವೆಂದವರ ಚಿತ್ರವನ್ನು ಹಿಂದೆಗೆದು, ಉಳಿದವುಗಳ ಬೆನ್ನಿಗೆ ಬೀದಿಯ ಹೆಸರನ್ನೂ ದಿನಾಂಕವನ್ನೂ ಬರೆದಿಡಬೇಕು.