ಕೈ ತೊಳೆಯುವ ಪಾಠವನ್ನು ಲೆಕ್ಕದಿಂದ ಆರಂಭಿಸೋಣ
ಏಳನೇ ತರಗತಿಗೆ ಗಣಿತ–ವಿಜ್ಞಾನ ಸಂಯೋಜಿತ ಪಾಠ: ಮೈಲೂರಿನ ಅನುಭವ

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ‘ಆರೋಗ್ಯ ಮತ್ತು ನೈರ್ಮಲ್ಯ’ ಎಂಬ ವಿಷಯವನ್ನು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಚಾರ್ಟ್ ಸುಲಭವಾಗಿ ಸಿಗುತ್ತದೆ, ಮಕ್ಕಳು ಉತ್ಸಾಹದಿಂದ ಉತ್ತರಿಸುತ್ತಾರೆ, ನಲವತ್ತು ನಿಮಿಷ ಸಲೀಸಾಗಿ ಮುಗಿಯುತ್ತದೆ. “ಊಟಕ್ಕೆ ಮುಂಚೆ ಏನು ಮಾಡಬೇಕು?” ಎಂದು ಕೇಳಿದರೆ ಇಡೀ ತರಗತಿ “ಕೈ ತೊಳೀಬೇಕ್ರಿ” ಎನ್ನುತ್ತದೆ. ಅರ್ಧ ಗಂಟೆಯ ನಂತರ ಬಿಸಿಯೂಟದ ಗಂಟೆ ಹೊಡೆದಾಗ ಅದೇ ಮಕ್ಕಳಲ್ಲಿ ಹಲವರು ಕೈ ತೊಳೆಯದೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಮಕ್ಕಳಿಗೆ ಗೊತ್ತಿಲ್ಲವೆಂದಲ್ಲ, ಉತ್ತರ ಅವರ ಬಾಯಲ್ಲೇ ಇದೆ. ಗೊತ್ತಿದ್ದದ್ದನ್ನು ಮಾಡಲು ಅಡ್ಡಿಯಾಗಿರುವುದು ಏನು ಎಂಬುದನ್ನೇ ಪಾಠದ ವಿಷಯವಾಗಿಸಬೇಕೆಂದು ನಾನು ಬೀದರ್ ನಗರದ ಮೈಲೂರ ಭಾಗದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡು ಅವಧಿಗಳ ಮಾದರಿ ಪಾಠ ಮಾಡಿದೆ. ಅದರ ಕ್ರಮವನ್ನು ಇಲ್ಲಿ ದಾಖಲಿಸಿದ್ದೇನೆ.

ಹಿನ್ನೆಲೆ

ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲಿ ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಹಾಗೂ ಎಲ್ಲ ಮಕ್ಕಳಿಗೂ ಸುರಕ್ಷಿತ ಕುಡಿಯುವ ನೀರು ಇರಬೇಕು. 2014ರಲ್ಲಿ ‘ಸ್ವಚ್ಛ ವಿದ್ಯಾಲಯ’ ಕಾರ್ಯಕ್ರಮ ಬಂತು. 2020ರ ಅಕ್ಟೋಬರ್ 2ರಂದು ಜಲಜೀವನ ಮಿಷನ್ ಶಾಲೆ ಮತ್ತು ಅಂಗನವಾಡಿಗಳಿಗೆ ನಳದ ನೀರು ಕೊಡುವ ನೂರು ದಿನಗಳ ಅಭಿಯಾನ ಆರಂಭಿಸಿತು. ಇವುಗಳಿಂದ ಕಟ್ಟಡ, ನಳ, ಟಾಕಿ ಬಂದವು. ಆದರೆ ‘ಇದೆ’ ಎನ್ನುವುದಕ್ಕೂ ‘ಬಳಸಬಹುದು’ ಎನ್ನುವುದಕ್ಕೂ ಅಂತರವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಎಲ್ಲ ದೇಶಗಳ ಶಾಲೆಗಳನ್ನು ಅಳೆಯುವಾಗ ಈ ಅಂತರವನ್ನೇ ನೋಡುತ್ತವೆ. ಕೈತೊಳೆಯುವ ಕಟ್ಟೆ ಇದ್ದರೆ ಸಾಲದು, ಸಮೀಕ್ಷೆಯ ದಿನ ಅಲ್ಲಿ ನೀರು ಮತ್ತು ಸಾಬೂನು ಎರಡೂ ಇರಬೇಕು. ಶೌಚಾಲಯ ಇದ್ದರೆ ಸಾಲದು, ಅದು ತೆರೆದಿರಬೇಕು, ಕೆಲಸ ಮಾಡಬೇಕು, ಒಳಗಿನಿಂದ ಚಿಲಕ ಹಾಕುವಂತಿರಬೇಕು. ಈ ಅಂತರವನ್ನು ಮಕ್ಕಳೇ ಅಳೆಯಬಲ್ಲರು.

ಮೊದಲ ಅವಧಿ: ನಳ, ಗಡಿಯಾರ, ಬಕೆಟ್

ಕಲಿಕೋಪಕರಣಗಳು ಮೂರೇ: ಸೆಕೆಂಡ್ ಮುಳ್ಳಿರುವ ಗಡಿಯಾರ, ಹತ್ತು ಲೀಟರ್ ಬಕೆಟ್, ಸಾಬೂನು. ತೊಡಗಿಸಿಕೊಳ್ಳುವ ಹಂತದಲ್ಲಿ “ಕೈ ಯಾಕೆ ತೊಳೆಯಬೇಕು?” ಎಂದು ಕೇಳಲಿಲ್ಲ. “ನಿನ್ನೆ ಊಟಕ್ಕೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯಲು ಯಾರಿಗೆ ಆಗಲಿಲ್ಲ, ಯಾಕೆ ಆಗಲಿಲ್ಲ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಹಿಂದಿನ ಸಾಲಿನ ಹುಡುಗ ಹೇಳಿದ: “ಪಾಳಿ ಬರೋದ್ರಾಗ ಊಟದ ಬೆಲ್ ಹೊಡೀತದ್ರಿ ಸರ್.” ಇಡೀ ಪಾಠ ಆ ಒಂದು ಮಾತಿನ ಮೇಲೆ ನಿಂತಿತು.

ಪರಿಶೋಧನೆಯ ಹಂತದಲ್ಲಿ ಮಕ್ಕಳು ಗುಂಪುಗಳಲ್ಲಿ ಕಟ್ಟೆಗೆ ಹೋಗಿ ಸಮಯ ಹಿಡಿದರು. ಕೈ ಒದ್ದೆ ಮಾಡಿ, ಸಾಬೂನು ಹಚ್ಚಿ, ಬೆರಳ ಸಂದು ಮತ್ತು ಉಗುರಿನ ಬುಡ ಉಜ್ಜಿ, ತೊಳೆಯಲು ಕನಿಷ್ಠ 40 ಸೆಕೆಂಡ್ ಬೇಕು. ಬಳಿಕ ಕಪ್ಪುಹಲಗೆಯ ಮೇಲೆ ಸುಲಭದ ಸಂಖ್ಯೆಗಳಿರುವ ಲೆಕ್ಕ ಬರೆದೆ.

ಒಂದು ಶಾಲೆಯಲ್ಲಿ 180 ಮಕ್ಕಳು, 4 ನಳ. ಒಂದು ನಳಕ್ಕೆ 45 ಮಕ್ಕಳು. 45 × 40 = 1800 ಸೆಕೆಂಡ್, ಅಂದರೆ 30 ನಿಮಿಷ. ಊಟಕ್ಕೆ ಮುಂಚೆ ಸಿಗುವುದು 10 ನಿಮಿಷ. ಆ ಹತ್ತು ನಿಮಿಷದಲ್ಲಿ ಒಂದು ನಳದಲ್ಲಿ 15 ಮಕ್ಕಳು, ನಾಲ್ಕರಲ್ಲಿ 60 ಮಕ್ಕಳು ಮಾತ್ರ ತೊಳೆಯಬಹುದು. ಉಳಿದ 120 ಮಕ್ಕಳು ಎಷ್ಟೇ ಶಿಸ್ತಿನವರಾದರೂ ತೊಳೆಯಲಾರರು. ಎಲ್ಲರಿಗೂ ಆಗಬೇಕಾದರೆ 12 ನಳ ಬೇಕು.

ಮುಂದಿನದು ನೀರಿನ ಲೆಕ್ಕ. ಬಕೆಟ್ ತುಂಬಲು 100 ಸೆಕೆಂಡ್ ಹಿಡಿದರೆ ನಳದಿಂದ ನಿಮಿಷಕ್ಕೆ 6 ಲೀಟರ್ ಬರುತ್ತದೆ. 40 ಸೆಕೆಂಡೂ ನಳ ತೆರೆದಿಟ್ಟರೆ ಒಬ್ಬರಿಗೆ 4 ಲೀಟರ್, 180 ಮಕ್ಕಳಿಗೆ 720 ಲೀಟರ್. ಉಜ್ಜುವಾಗ ನಳ ಮುಚ್ಚಿ 10 ಸೆಕೆಂಡ್ ಮಾತ್ರ ತೆರೆದರೆ ಒಬ್ಬರಿಗೆ 1 ಲೀಟರ್, ಒಟ್ಟು 180 ಲೀಟರ್. ಐನೂರು ಲೀಟರಿನ ಟಾಕಿ ಮೊದಲನೆಯ ರೀತಿಯಲ್ಲಿ ಒಂದು ಊಟಕ್ಕೂ ಸಾಲದು. ಎರಡನೆಯ ರೀತಿಯಲ್ಲಿ ಎರಡು ದಿನಕ್ಕೆ ಬರುತ್ತದೆ. “ನಳ ಬಂದ್ ಮಾಡು” ಎಂದು ದಿನವೂ ಹೇಳುವ ಮಾತಿಗೆ ಇಲ್ಲಿ ಕಾರಣ ಸಿಕ್ಕಿತು.

ಗೃಹಪಾಠವಾಗಿ ಮಕ್ಕಳು ತಮ್ಮ ಶಾಲೆಯದೇ ಸಂಖ್ಯೆ ಹಾಕಿ ಅದೇ ಲೆಕ್ಕ ಮಾಡಿದರು. ಕೊರತೆ ನೀಗಿಸುವ ದಾರಿಗಳನ್ನೂ ತಂದರು: ಚಿಕ್ಕ ತರಗತಿಗಳನ್ನು ಹತ್ತು ನಿಮಿಷ ಮುಂಚೆ ಬಿಡುವುದು, ಗೋಡೆಗುಂಟ ಉದ್ದದ ಪೈಪಿಗೆ ತೂತು ಕೊರೆದು ಒಂದೇ ವಾಲ್ವ್ ಇಡುವುದು, ಬಕೆಟ್ ಮತ್ತು ಮಗ್ ಹಿಡಿದು ದೊಡ್ಡವರು ಚಿಕ್ಕವರಿಗೆ ನೀರು ಹಾಕುವುದು. ಸಾಬೂನು ಕಳೆಯುತ್ತದೆಂದು ಬೀರುವಿನಲ್ಲಿಡುವ ಬದಲು ಬಾಟಲಿಯಲ್ಲಿ ಸಾಬೂನು ನೀರು ತುಂಬಿ, ಮುಚ್ಚಳಕ್ಕೆ ತೂತು ಮಾಡಿ ಕಟ್ಟಬಹುದೆಂದು ನಾನು ಸೇರಿಸಿದೆ. ಮೊದಲನೆಯ ಸಲಹೆಗೆ ಒಂದು ಪೈಸೆಯೂ ಬೇಕಿರಲಿಲ್ಲ. ಮುಖ್ಯೋಪಾಧ್ಯಾಯರು ಮರುವಾರವೇ ಜಾರಿಗೆ ತಂದರು. ನಳಗಳ ಸಂಖ್ಯೆ ಮಾತ್ರ ಅಷ್ಟೇ ಉಳಿದಿದೆ.

ಎರಡನೇ ಅವಧಿ: ಬಾಯಿಬಿಟ್ಟು ಹೇಳದ ಲೆಕ್ಕ

ಎರಡನೇ ದಿನ ಶೌಚಾಲಯದ ಲೆಕ್ಕ. 100 ಹುಡುಗಿಯರು, 2 ಶೌಚಾಲಯ, ಒಬ್ಬರಿಗೆ 2 ನಿಮಿಷ, 10 ನಿಮಿಷದ ವಿರಾಮ. ಹತ್ತು ಹುಡುಗಿಯರಿಗೆ ಮಾತ್ರ ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಶಾಲಾ ಮಾನದಂಡದಂತೆ 25 ಹುಡುಗಿಯರಿಗೆ ಒಂದು, ಅಂದರೆ ನಾಲ್ಕು ಶೌಚಾಲಯ ಇದ್ದರೂ ಇಪ್ಪತ್ತು ಹುಡುಗಿಯರಿಗೆ ಮಾತ್ರ. “ಉಳಿದವರು ಏನು ಮಾಡುತ್ತಾರೆ?” ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಬಾರದು. ಹೆಸರು ಬರೆಯದ ಚೀಟಿಗಳನ್ನು ಶಿಕ್ಷಕಿಯೊಬ್ಬರ ಮೂಲಕ ಸಂಗ್ರಹಿಸಿದೆವು. ಒಂದು ಚೀಟಿಯಲ್ಲಿ ಹೀಗಿತ್ತು: “ಸಾಲಿಗಿ ಬಂದ್ರ ನೀರೇ ಕುಡಿಯಲ್ಲ.”

ಈ ಒಂದು ಸಾಲನ್ನು ಶಿಕ್ಷಕರಾಗುವವರು ನೆನಪಿಡಬೇಕು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಸಂಜೆಯವರೆಗೆ ಕೂರುವ ಮಗುವಿಗೆ ತಲೆನೋವು, ಸುಸ್ತು, ಮೂತ್ರನಾಳದ ಸೋಂಕು ಬರುವ ಸಾಧ್ಯತೆ ಹೆಚ್ಚು; ನಮ್ಮ ಬೀದರ್‌ನ ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ಮಧ್ಯಾಹ್ನದ ಅವಧಿಯಲ್ಲಿ ಅವಳು ಉತ್ತರಿಸದಿದ್ದರೆ ಅವಲೋಕನ ಪತ್ರದಲ್ಲಿ ‘ಗಮನ ಕಡಿಮೆ’ ಎಂದು ಬರೆಯುತ್ತೇವೆ. ‘ನೀರಿನ ಗಂಟೆ’ ಹೊಡೆದು ಎಲ್ಲರಿಗೂ ನೀರು ಕುಡಿಸುವ ಪದ್ಧತಿ ಒಳ್ಳೆಯದೇ; ಆದರೆ ಶೌಚಾಲಯದ ಕೀಲಿ ಎಲ್ಲೋ ಇದ್ದು, ಒಳಗೆ ನೀರಿಲ್ಲದಿದ್ದರೆ ಆ ಗಂಟೆಗೆ ಅರ್ಥವಿಲ್ಲ. ಮುಟ್ಟಿನ ದಿನಗಳಿಗೆ ಚಿಲಕ, ಒಳಗೇ ನೀರು ಮತ್ತು ಮುಚ್ಚಳವಿರುವ ಕಸದ ಡಬ್ಬಿ, ಈ ಮೂರೂ ಬೇಕು.

ವಿಸ್ತರಣೆ: ಊರಿನ ಕಲ್ಲು, ಊರಿನ ನೀರು

ವಿಜ್ಞಾನದ ಭಾಗಕ್ಕೆ ಊರಿನದೇ ಉದಾಹರಣೆ ಸಿಕ್ಕಿತು. ಬೀದರ್ ನಿಂತಿರುವುದು ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೆಳಗೆ ಗಟ್ಟಿ ಕಪ್ಪು ಕಲ್ಲಿದೆ. ಮಳೆನೀರು ಕೆಂಪು ಕಲ್ಲಿನಲ್ಲಿ ಇಳಿದು ಕಪ್ಪು ಕಲ್ಲಿನ ಹತ್ತಿರ ನಿಂತು ಅಡ್ಡಕ್ಕೆ ಹರಿಯುತ್ತದೆ. ಬಹಮನಿ ಕಾಲದವರು ಇದನ್ನು ಅರಿತೇ ನೌಬಾದಿನ ಸುರಂಗ ಬಾವಿಯನ್ನು, ಅಂದರೆ ಕರೇಜನ್ನು, ತೋಡಿದರು. ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುತ್ತಿತ್ತು. ನೀರನ್ನು ಸುಲಭವಾಗಿ ಬಿಡುವ ಕಲ್ಲು ಕೊಳೆಯನ್ನೂ ಸುಲಭವಾಗಿ ಬಿಡುತ್ತದೆ. ಹಾಗಾಗಿ ಇಂಥ ನೆಲದಲ್ಲಿ ಶೌಚಗುಂಡಿಗೂ ಬಾವಿ ಅಥವಾ ಬೋರಿಗೂ ನಡುವೆ ಬೇರೆ ಕಡೆಗಿಂತ ಹೆಚ್ಚು ಅಂತರ ಬೇಕು. ತಿಳಿಯಾಗಿ ಕಾಣುವ ನೀರು ಶುದ್ಧವೆಂದೇನಲ್ಲ. ರಾಷ್ಟ್ರೀಯ ಮಾನದಂಡದಂತೆ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ–ಕೋಲೈ ಒಂದೂ ಇರಬಾರದು. ಮಕ್ಕಳು ಶಾಲೆಯ ಆವರಣದ ನಕ್ಷೆ ಬರೆದು ಗುಂಡಿ ಮತ್ತು ಬೋರಿನ ದೂರವನ್ನು ಟೇಪಿನಿಂದ ಅಳೆದರು.

ಯಾರು ತೊಳೆಯಬೇಕು?

ಇಂಥ ಪಾಠ ಮಾಡುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ಇಡೀ ರಾಜ್ಯವನ್ನು ತಲೆತಗ್ಗಿಸುವಂತೆ ಮಾಡಿತು. ತಮ್ಮ ತಟ್ಟೆ ತೊಳೆಯುವುದು, ತರಗತಿ ಗುಡಿಸುವುದು ಸರದಿಯಂತೆ ಎಲ್ಲ ಮಕ್ಕಳ ಪಾಲಿಗೂ ಬಂದರೆ ಅದು ಶಿಕ್ಷಣ. ಅದೇ ಮಕ್ಕಳಿಗೆ, ಅದೇ ಜಾತಿಗೆ, ಹುಡುಗಿಯರಿಗೇ ಬಂದರೆ ಅದು ಅವಮಾನ. ಬಸವಕಲ್ಯಾಣ ಇರುವ ಜಿಲ್ಲೆಯವರಾದ ನಾವು ‘ಕಾಯಕ’ ಎಂಬ ಮಾತನ್ನು ಈ ಅವಮಾನದ ಮೇಲೆ ಹೊದಿಸಬಾರದು. ಶೌಚಾಲಯ ತೊಳೆಯುವುದು ಸಂಬಳ ಪಡೆಯುವ ವಯಸ್ಕರ ಕೆಲಸ, ಕೈಗವಸು ಮತ್ತು ಬ್ರಷ್ ಸಹಿತ.

ಮೌಲ್ಯಮಾಪನ ಮತ್ತು ಸೂಚನೆಗಳು

ಮೌಲ್ಯಮಾಪನಕ್ಕೆ ಬಾಯಿಪಾಠದ ಪ್ರಶ್ನೆಗಳ ಬದಲು ಒಂದು ಪತ್ರ ಬರೆಸಿದೆ: ಲೆಕ್ಕ, ನಕ್ಷೆ ಮತ್ತು ಒಂದೇ ಒಂದು ಬೇಡಿಕೆಯೊಂದಿಗೆ ಎಸ್‌ಡಿಎಂಸಿ ಅಧ್ಯಕ್ಷರಿಗೆ. “ಸ್ವಚ್ಛತೆ ಕಾಪಾಡಿ” ಎಂದು ಬರೆದವರಿಗಿಂತ “ಇನ್ನೂ ಇಷ್ಟು ನಳ ಬೇಕು, ಏಕೆಂದರೆ” ಎಂದು ಬರೆದವರಿಗೆ ಹೆಚ್ಚು ಅಂಕ.

ಈ ಪಾಠವನ್ನು ಕೈಗೊಳ್ಳುವ ಪ್ರಶಿಕ್ಷಣಾರ್ಥಿಗಳು ಇವಿಷ್ಟನ್ನು ಗಮನಿಸಲಿ:

1. ಪಾಠದ ಹಿಂದಿನ ದಿನ ನಳ, ಟಾಕಿ, ಚಿಲಕ, ಕೀಲಿ ಎಲ್ಲವನ್ನೂ ಸ್ವತಃ ನೋಡಿ ಬನ್ನಿ.
2. ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ. ಇದು ಶಾಲೆಯ ತಪ್ಪು ಹುಡುಕುವ ಪಾಠವಲ್ಲ, ಶಾಲೆಗೆ ಬೇಕಾದದ್ದನ್ನು ಎಣಿಸುವ ಪಾಠ.
3. ಯಾವ ಮಗುವಿನ ಕೈ, ಉಗುರು, ಬಟ್ಟೆಯನ್ನೂ ಎಲ್ಲರೆದುರು ಎತ್ತಿ ತೋರಿಸಬೇಡಿ. ಮನೆಯಲ್ಲಿ ನಳವಿಲ್ಲದ ಮಗುವೂ ಅಲ್ಲೇ ಕುಳಿತಿರುತ್ತದೆ.
4. ಚೀಟಿಗಳನ್ನು ಗಟ್ಟಿಯಾಗಿ ಓದಬೇಡಿ, ಅಕ್ಷರ ಗುರುತಿಸಲು ಹೋಗಬೇಡಿ.
5. ಒಂದು ವಾರದ ನಂತರ ಬಿಸಿಯೂಟದ ಹೊತ್ತಿಗೆ ಮತ್ತೆ ಹೋಗಿ, ಕೈ ತೊಳೆದ ಮಕ್ಕಳನ್ನು ಎಣಿಸಿ. ಪಾಠ ಎಷ್ಟು ಫಲಿಸಿತೆಂದು ಆ ಸಂಖ್ಯೆಯೇ ಹೇಳುತ್ತದೆ.