ಹಳ್ಳದ ಕಲ್ಲು ಮಗುಚಿದಾಗ ಕಂಡದ್ದು

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಅಂಚಿಗೆ ಹರಿಯುವ ಹಳ್ಳ ಮುಂದೆ ಅಘನಾಶಿನಿಯನ್ನು ಸೇರುತ್ತದೆ. ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಕುಮಟಾದ ಬಳಿ ಕಡಲಿಗೆ ಬೀಳುವ ಹೊಳೆ ಅದು. ಬೇಸಿಗೆಯಲ್ಲೂ ತಳದ ಮರಳು ಕಾಣುವಷ್ಟು ತಿಳಿಯಾದ ಈ ನೀರಿಗೆ ಏನು ಕೇಡು ಬಂದೀತು ಎಂದೇ ನಾನು ನಂಬಿದ್ದೆ.

ನಾಲ್ಕು ಮನೆಯವರು ಸೇರಿ ಹಳ್ಳದ ಲೆಕ್ಕ ಇಡತೊಡಗಿದೆವು. ತೋಟದ ಮೇಲ್ಗಡೆ ಒಂದು ಜಾಗ, ಕೆಳಗಡೆ ಒಂದು ಜಾಗ. ನೀರಿನ ಉಷ್ಣತೆ, ಪಿಎಚ್, ಕರಗಿದ ಆಮ್ಲಜನಕ ಬರೆದುಕೊಳ್ಳುವುದು, ಗೋಟಡಿಕೆಯೊಂದನ್ನು ತೇಲಿಬಿಟ್ಟು 10 ಮೀಟರ್ ಹೋಗಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡುವುದು. ಮೊದಮೊದಲು ಪುರಸೊತ್ತಾದಾಗ ಹೋಗುತ್ತಿದ್ದೆವು, ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ. ಬಿಸಿಲೇರಿದಂತೆ ಪಾಚಿ ಆಮ್ಲಜನಕ ಬಿಡುತ್ತದೆ, ನೀರೂ ಬಿಸಿಯಾಗುತ್ತದೆ. ಹೊತ್ತು ಬದಲಾದರೆ ಅಂಕಿಯೂ ಬದಲು. ಮೊದಲ ವರ್ಷದ ಪುಸ್ತಕ ಹೋಲಿಸಿ ನೋಡಲು ಬಾರದೇ ಹೋಯಿತು.

ನಿಜವಾದ ಪಾಠ ಕಲಿಸಿದ್ದು ಕಲ್ಲುಗಳು. ಅಂಗೈಯಗಲದ ಕಲ್ಲನ್ನು ಮೆಲ್ಲಗೆ ಎತ್ತಿ ಬಿಳಿ ಟ್ರೇಯ ಮೇಲೆ ಮಗುಚಬೇಕು. ಒಂದು ಗಳಿಗೆ ಏನೂ ಕಾಣುವುದಿಲ್ಲ. ಆಮೇಲೆ ಕಲ್ಲಿನ ಬಣ್ಣದ್ದೇ ಚಪ್ಪಟೆ ಜೀವವೊಂದು ಅಡ್ಡಡ್ಡ ಸರಿಯುತ್ತದೆ. ಹಿಂದೆ ಕೂದಲೆಳೆಯಂಥ ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ಸಣ್ಣಗೆ ಅದುರುವ ಕಿವಿರು. ಇದು ಮೇಫ್ಲೈ ಮರಿ. ಪಕ್ಕದಲ್ಲೇ ಮರಳ ಕಣ ಅಂಟಿಸಿ ಕೊಳವೆಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳು. ಇವಕ್ಕೆ ಕೆಟ್ಟ ನೀರು ಆಗಿಬರುವುದಿಲ್ಲ. ಪಿಎಚ್, ಆಮ್ಲಜನಕ ಅಳೆಯುವ ಮೀಟರ್ ಆ ಗಳಿಗೆಯ ನೀರನ್ನಷ್ಟೇ ಬಲ್ಲದು. ತಿಂಗಳುಗಟ್ಟಲೆ ಅದೇ ನೀರಲ್ಲಿ ಬದುಕಿದ ಹುಳುವಿಗೆ ಹಿಂದಿನದೆಲ್ಲ ಗೊತ್ತು.

ಎರಡನೇ ವರ್ಷದ ಏಪ್ರಿಲ್‌ನಲ್ಲಿ ಎರಡೂ ಕಡೆ ಹುಳುಗಳಿದ್ದವು. ಜೂನ್ ಮೊದಲ ವಾರ ಮಳೆಗೂ ಮುಂಚೆ ನೋಡಿದರೆ ಮೇಲ್ಗಡೆ ಇದ್ದವು. ಕೆಳಗಡೆ ಇಪ್ಪತ್ತು ಕಲ್ಲು ಮಗುಚಿದರೂ ಒಂದೂ ಇರಲಿಲ್ಲ. ಪಿಎಚ್ ಸರಿ, ಆಮ್ಲಜನಕ ಸರಿ, ನೀರು ಕನ್ನಡಿಯ ಹಾಗೆ.

ಕಾರಣವನ್ನು ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ನಮ್ಮ ಕೊನೆಗೌಡನೇ ತೋರಿಸಿದ. "ಹೆಗಡೇರೆ, ಡ್ರಮ್ಮು ತೊಳೆಯೋದು ಇಲ್ಲೇ ಅಲ್ಲವಾ?" ಎಂದ. ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆದದ್ದು ಮೇ ಕೊನೆಗೆ. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಉಳಿದ ಗಷ್ಟು, ಡ್ರಮ್ಮು, ಪೈಪು ಎಲ್ಲ ತೊಳೆದದ್ದು ಹಳ್ಳದಲ್ಲಿ. ಅದೂ ನೀರು ನೂಲಿನಂತೆ ಹರಿಯುವ ದಿನಗಳಲ್ಲಿ. ಮೈಲುತುತ್ತಿನ ತಾಮ್ರ ನೀರಿನ ಜೀವಗಳಿಗೆ ವಿಷ. ಪ್ರಯೋಗಾಲಯದ ವರದಿ ನಮ್ಮ ಕೈಯಲ್ಲಿರಲಿಲ್ಲ, ಆದರೆ ಕಲ್ಲುಗಳ ಮೇಲೆ ತಿಳಿನೀಲಿ ಕಲೆ ಇತ್ತು. ಅಪ್ಪನ ಕಾಲದಿಂದ ಅಲ್ಲೇ ತೊಳೆದವರು ನಾವು. ನನಗೆ ಬಹಳ ಸಂಕಟವಾಯಿತು.

ಔಷಧಿ ಹೊಡೆಯುವುದನ್ನು ಬಿಡಲಾಗದು, ಕೊಳೆ ಬಂದರೆ ವರ್ಷದ ಅನ್ನವೇ ಹೋಗುತ್ತದೆ. ತೊಳೆಯುವ ಜಾಗವನ್ನು ಹಳ್ಳದಿಂದ ದೂರ ಒಯ್ದೆವು. ತೊಳೆದ ನೀರನ್ನು ಅಲ್ಲೇ ಮತ್ತೆ ಔಷಧಿ ಕಲಸಲು ಬಳಸುತ್ತೇವೆ.

ದಡ ಕೊಚ್ಚಿಹೋಗದಂತೆ ಗಿಡ ನೆಡುವ ಕೆಲಸವನ್ನೂ ಹಿಡಿದಿದ್ದೆವು, ಅದರಲ್ಲಿ ಮಾತ್ರ ಸೋತೆವು. ಬೋಳು ದಡಕ್ಕೆ ಜೂನ್‌ನಲ್ಲಿ ನೆಟ್ಟ ಹೊಳೆದಾಸವಾಳ, ಅಪ್ಪೆಮಿಡಿ ಸಸಿಗಳನ್ನು ಆಷಾಢದ ನೆರೆ ಬೇರುಸಹಿತ ಒಯ್ದಿತು. ಉಳಿದದ್ದು ಯಾರೂ ಸವರದೆ ಬಿಟ್ಟ, ಕೇದಗೆ ಜಾತಿಯ ಮುಂಡಿಗೆ ಹಿಂಡು ಒಂದೇ, ಅದರ ಬುಡದಲ್ಲಿ ಮಣ್ಣು ಒಂದು ಹಿಡಿಯೂ ಕದಲಿರಲಿಲ್ಲ. ಈಗ ಮೊದಲು ಮುಂಡಿಗೆ, ವಾಟೆ ಬಿದಿರು ಎಬ್ಬಿಸುತ್ತೇವೆ. ಮರದ ಸಸಿ ಅದರ ಹಿಂದೆ, ಎರಡು ವರ್ಷ ಕಳೆದು.

ಮರುವರ್ಷ ಜೂನ್‌ನಲ್ಲಿ ಕೆಳಗಿನ ಜಾಗದ ಏಳನೇ ಕಲ್ಲಿನ ಅಡಿ ಒಂದು ಮೇಫ್ಲೈ ಮರಿ ಸಿಕ್ಕಿತು. ಕೊನೆಗೌಡ ಟ್ರೇಯನ್ನು ನೆರಳಿಗೆ ಹಿಡಿದ. ಮೂರು ಬಾಲ ಎಣಿಸಿ, ಪುಸ್ತಕದಲ್ಲಿ ಬರೆದು, ಕಲ್ಲನ್ನು ಇದ್ದಲ್ಲೇ ಇಟ್ಟೆವು.