ಹಿತ್ತಲ ಟಾಕಿಯ ಲೆಕ್ಕ



ಇವತ್ತಿನ ಪಾಠ ಪಾಯಖಾನೆಯ ಟಾಕಿಯದು. ನಗಬೇಡಿ. ಅನ್ನದ ಪಾಠ ಓದಿದ್ದೇವೆ. ನೀರಿನ ಪಾಠ ಓದಿದ್ದೇವೆ. ಉಂಡ ಅನ್ನ, ಕುಡಿದ ನೀರು ಕೊನೆಗೆ ಎಲ್ಲಿಗೆ ಹೋಗುತ್ತವೆ? ಅದನ್ನೂ ಓದಬೇಕಲ್ಲ!

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಓಡುತ್ತಾ ಬಂದಳು. ಹಗಲೆಲ್ಲಾ ಬೀಡಿ ಕಟ್ಟಿ, ಸಂಜೆ ಪಾಟಿ ಹಿಡಿದು ಬರುವವಳು. ಅವತ್ತು ಕೈಯಲ್ಲಿ ಪಾಟಿ ಇರಲಿಲ್ಲ.

"ಅಕ್ಕೋರ, ನಮ್ಮ ಟಾಕಿ ತುಂಬೈತ್ರಿ. ಹೊಲಸ ನೀರು ಅಂಗಳಕ್ಕ ಬರಾಕತ್ತೈತಿ. ನಮ್ಮವರು ಒಬ್ಬ ಹುಡುಗನ್ನ ಕರಕೊಂಡು ಬಂದಾರ. ಅವ ಒಳಗ ಇಳೀತೀನಿ ಅಂತಾನ. ಇಳೀಬಹುದೇನ್ರಿ?"

ನಾವು ಪುಸ್ತಕ ಅಲ್ಲೇ ಬಿಟ್ಟು ಅವಳ ಸಂಗಡ ಹೋದೆವು. ಹಿತ್ತಲಲ್ಲಿ ಟಾಕಿಯ ಮುಚ್ಚಳ ಸರಿಸಿ ಇಟ್ಟಿದ್ದರು. ಪಕ್ಕದಲ್ಲಿ ಹುಡುಗ ನಿಂತಿದ್ದ. ಇಪ್ಪತ್ತು, ಇಪ್ಪತ್ತೆರಡು ವಯಸ್ಸು ಇರಬಹುದು. ಅಂಗಿ ಕಳಚಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ. ಕೈಯಲ್ಲಿ ಬಕೆಟ್ಟು.

"ನಿನ್ನೆ ರಾತ್ರಿನೇ ಮುಚ್ಚಳ ತಗದೇವ್ರಿ. ಕೆಟ್ಟ ಗಾಳಿ ಎಲ್ಲಾ ಹೋಗೇತಿ," ಎಂದರು ಮನೆಯ ಯಜಮಾನರು.

"ನಾ ಬಾಳ ಟಾಕಿ ಇಳದೇನ್ರಿ. ಏನೂ ಆಗಿಲ್ಲ," ಎಂದ ಹುಡುಗ.

ಅಕ್ಕ ಏನೂ ಮಾತಾಡಲಿಲ್ಲ. ಹೋಗಿ ಮುಚ್ಚಳದ ಒಂದು ತುದಿ ಹಿಡಿದಳು. ಇನ್ನೊಂದು ತುದಿಗೆ ನಾವು ಕೈ ಹಾಕಿದೆವು. ಮುಚ್ಚಳ ಟಾಕಿಯ ಬಾಯಿಗೆ ಬಂದು ಕೂತಿತು. ಆಮೇಲೆ ಅಕ್ಕ ಹೇಳಿದಳು: "ಇದರಾಗ ಯಾರೂ ಇಳಿಯೂದು ಬ್ಯಾಡ. ಬ್ಯಾರೆ ದಾರಿ ಹುಡುಕ್ರಿ."

ಟಾಕಿಯ ಒಳಗೆ ಏನಾಗುತ್ತದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ. ಹೆದರಿಕೆ ಇತ್ತು, ಅಷ್ಟೇ. ಆ ಹೆದರಿಕೆ ಸರಿಯಾಗಿತ್ತು. ಯಾಕೆ? ನೋಡೋಣ.

ಟಾಕಿಯ ಒಳಗೆ ಏನಿದೆ?

ದನದ ಮುಸುರೆ ಬಾನಿ ನೋಡಿದ್ದೀರಿ. ಅಲುಗಾಡಿಸದೆ ಬಿಟ್ಟರೆ ಜಿಡ್ಡು, ಹೊಟ್ಟು ಮೇಲೆ ತೇಲುತ್ತವೆ. ಭಾರವಾದದ್ದು ತಳಕ್ಕೆ ಕೂಡುತ್ತದೆ. ನಡುವೆ ನೀರು ಉಳಿಯುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲೂ ಹೀಗೇ ಮೂರು ಪದರು. ಮೇಲೆ ಕೆನೆಯಂಥ ಹೊಲಸು. ನಡುವೆ ನೀರು. ತಳದಲ್ಲಿ ರಾಡಿ. ನಡುವಿನ ನೀರು ಮಾತ್ರ ಪೈಪಿನಿಂದ ಹೊರಗೆ ಹೋಗಿ, ಕಲ್ಲು ತುಂಬಿದ ಇಂಗುಗುಂಡಿಯಲ್ಲಿ ಇಂಗುತ್ತದೆ. ರಾಡಿ ಟಾಕಿಯಲ್ಲೇ ಉಳಿಯುತ್ತದೆ.

ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಈ ರಾಡಿಯನ್ನು ತಿನ್ನುತ್ತವೆ. ಅವುಗಳಿಗೆ ಗಾಳಿ ಬೇಡ, ಬೆಳಕು ಬೇಡ. ಸಗಣಿ ಗ್ಯಾಸಿನ ಗುಂಡಿಯಲ್ಲೂ ಇಂಥವೇ ದುಡಿಯುತ್ತವೆ. ರಾಡಿ ಕರಗುವಾಗ ಗ್ಯಾಸು ಹುಟ್ಟುತ್ತದೆ. ಒಂದು ಗ್ಯಾಸು ಮಿಥೇನ್. ಬೆಂಕಿ ತಾಗಿದರೆ ಭಗ್ ಎನ್ನುತ್ತದೆ. ಆದ್ದರಿಂದ ಟಾಕಿಯ ಬಾಯಿಯ ಹತ್ತಿರ ಕಂದೀಲು ಬೇಡ, ಬೀಡಿಯೂ ಬೇಡ. ಇನ್ನೊಂದರ ಹೆಸರು ಉದ್ದ. ಕೂಡಿ ಓದೋಣ: ಹೈ-ಡ್ರೋ-ಜನ್ ಸಲ್-ಫೈಡ್. ಇದು ಕೊಳೆತ ತತ್ತಿಯಂತೆ ನಾರುತ್ತದೆ. ಸ್ವಲ್ಪ ಇದ್ದರೆ ಮೂಗಿಗೆ ಗೊತ್ತಾಗುತ್ತದೆ. ಬಹಳ ಇದ್ದರೆ ಮೂಗೇ ಸತ್ತು ಹೋಗುತ್ತದೆ. ವಾಸನೆಯೇ ಬರುವುದಿಲ್ಲ! "ವಾಸನೆ ಹೋತು, ಇನ್ನ ಇಳೀಬಹುದು" ಎಂದು ಇಳಿದವನು ಒಂದೆರಡು ಉಸಿರಿಗೆ ಎಚ್ಚರ ತಪ್ಪಿ ಬೀಳಬಹುದು.

ಮುಚ್ಚಳ ರಾತ್ರಿಯೆಲ್ಲಾ ತೆಗೆದಿಟ್ಟರೆ ಗ್ಯಾಸು ಹೋಗುವುದಿಲ್ಲವೇ? ಮೇಲಿನದು ಹೋಗುತ್ತದೆ. ರಾಡಿಯ ಒಳಗೆ ಸಿಕ್ಕಿಕೊಂಡದ್ದು ಹೋಗುವುದಿಲ್ಲ. ಕಾಲಿಟ್ಟು ಕಲಕಿದಾಗ ಗುಳುಗುಳು ಎಂದು ಮೇಲೇಳುತ್ತದೆ. ಹುಡುಗ ಹತ್ತು ಸಲ ಇಳಿದು ಬಂದಿರಬಹುದು. ಹನ್ನೊಂದನೆಯ ಟಾಕಿಯಲ್ಲಿ ಎಷ್ಟು ಗ್ಯಾಸಿದೆ ಎಂದು ಅವನಿಗೆ ಹೇಗೆ ಗೊತ್ತು?

ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಅಣ್ಣ ಹೋದ ಅಂತ ತಮ್ಮ ಇಳಿಯುತ್ತಾನೆ. ಟಾಕಿಯ ಸಾವುಗಳು ಎಷ್ಟೋ ಸಲ ಎರಡು, ಮೂರು ಆಗುವುದು ಹೀಗೆ. ಯಾರಾದರೂ ಬಿದ್ದರೆ ಕೂಗಿ ಜನ ಕರೆಯಿರಿ. 112ಕ್ಕೆ ಫೋನ್ ಮಾಡಿರಿ. ಹಗ್ಗವಿದ್ದರೆ ಮೇಲಿನಿಂದಲೇ ಎಳೆಯಿರಿ. ಇಳಿಯಬೇಡಿ, ಇಳಿಯಗೊಡಬೇಡಿ.

ಕಾನೂನು ಏನು ಹೇಳುತ್ತದೆ?

ಮೊದಲು ನಮ್ಮ ಊರುಗಳಲ್ಲಿ ಮಲವನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊರಿಸುತ್ತಿದ್ದರು. ಒಂದೇ ಜಾತಿಯವರ ತಲೆಯ ಮೇಲೆ. 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಇದು ನಿಲ್ಲಬೇಕು ಎಂದು ಆಜ್ಞೆ ಮಾಡಿಸಿದರು. ಆದರೂ ಪೂರ್ತಿ ನಿಲ್ಲಲಿಲ್ಲ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸ ಮಾಡುತ್ತಿದ್ದ ಕುಟುಂಬದವರು ಮೈಗೆ ಮಲ ಬಳಿದುಕೊಂಡು ಪ್ರತಿಭಟನೆ ಮಾಡಿದರು. ಆಗ ನಾಡಿಗೆಲ್ಲಾ ಸುದ್ದಿಯಾಯಿತು.

2013ರಲ್ಲಿ ದೇಶಕ್ಕೆಲ್ಲಾ ಒಂದು ಹೊಸ ಕಾಯ್ದೆ ಬಂತು. ಸುರಕ್ಷತೆ ಇಲ್ಲದೆ ಮನುಷ್ಯರನ್ನು ಟಾಕಿಗೆ ಇಳಿಸುವುದು ಅಪರಾಧ. ಮೊದಲ ಸಲ ಸಿಕ್ಕಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅವನೇ ಒಪ್ಪಿದ್ದ, ರೊಕ್ಕ ಕೊಟ್ಟಿದ್ದೆವು ಎಂದರೆ ತಪ್ಪು ಮುಚ್ಚಿಹೋಗುವುದಿಲ್ಲ.

ಹಾಗಾದರೆ ಅಕ್ಕನ ಮನೆಯ ಟಾಕಿ ಏನಾಯಿತು? ಮರುದಿನ ಸಕ್ಕಿಂಗ್ ಯಂತ್ರ ಬಂತು. ಟ್ಯಾಂಕರಿಗೆ ದಪ್ಪ ಪೈಪು ಇರುತ್ತದೆ. ಮೇಲೆ ನಿಂತುಕೊಂಡೇ ರಾಡಿ ಎಳೆದುಕೊಂಡರು. ತಾಸಿನೊಳಗೆ ಕೆಲಸ ಮುಗಿಯಿತು. ರೊಕ್ಕ ಮಾತ್ರ ಹುಡುಗನ ಕೂಲಿಗಿಂತ ಹೆಚ್ಚು ಆಯಿತು, ಸುಳ್ಳು ಹೇಳಬಾರದು. ಅಕ್ಕ ಸ್ವಸಹಾಯ ಸಂಘದಲ್ಲಿ ಕೈಗಡ ತೆಗೆದುಕೊಂಡಳು. ನಗರಸಭೆ, ಪುರಸಭೆಯಲ್ಲಿ ಈ ಯಂತ್ರ ಕೇಳಬಹುದು. ಹಳ್ಳಿಯವರು ಪಂಚಾಯಿತಿಯಲ್ಲಿ ಕೇಳಿರಿ. ಓಣಿಯ ನಾಲ್ಕು ಮನೆಯವರು ಕೂಡಿ ಒಂದೇ ದಿನ ಕರೆಸಿದರೆ ದರ ಮಾತಾಡಲು ಬರುತ್ತದೆ.

ಮತ್ತೊಂದು ಪ್ರಶ್ನೆ ಕೇಳಲೇಬೇಕು: "ಇದನ್ನ ಎಲ್ಲಿ ಸುರೀತೀರಿ?" ಹಳ್ಳಕ್ಕೆ ಸುರಿದರೆ ನಮ್ಮದೇ ಹೊಲಸು ಕೃಷ್ಣೆಗೆ ಸೇರಿ ಮುಂದಿನ ಊರಿನ ಕೊಡಕ್ಕೆ ಬರುತ್ತದೆ. ಕಬ್ಬಿಗೆ, ಕಾಯಿಪಲ್ಲೆಗೆ ಹಸಿ ರಾಡಿ ಬಿಡಬಾರದು. ಅದರಲ್ಲಿ ಜಂತುಹುಳದ ತತ್ತಿ ಜೀವಂತ ಇರುತ್ತವೆ. ಬೆಂಗಳೂರಿನ ಹತ್ತಿರ ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ರಾಡಿಯನ್ನು ಶುದ್ಧ ಮಾಡುವ ಘಟಕ ಶುರುವಾಯಿತು. ರಾಡಿ ಒಣಗಿಸಿ, ಹದ ಮಾಡಿ ಗೊಬ್ಬರ ಮಾಡುತ್ತಾರೆ. ನಮ್ಮ ತಾಲೂಕಿನ ರಾಡಿ ಎಲ್ಲಿಗೆ ಹೋಗುತ್ತದೆ? ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಗಂಡಸರು ನಕ್ಕರೆ ನಗಲಿ.

ಎರಡು ಗುಂಡಿಯ ಪಾಯಖಾನೆ

ಎಲ್ಲರ ಮನೆಯಲ್ಲೂ ಸೆಪ್ಟಿಕ್ ಟ್ಯಾಂಕ್ ಇಲ್ಲ. ಸ್ವಚ್ಛ ಭಾರತ ಯೋಜನೆ 2014ರಲ್ಲಿ ಶುರುವಾದ ಮೇಲೆ 12,000 ರೂಪಾಯಿ ಸಹಾಯಧನದಲ್ಲಿ ಹಳ್ಳಿಗಳಲ್ಲಿ ಬಹಳ ಪಾಯಖಾನೆ ಕಟ್ಟಿದರು. ಆಗ ಸರ್ಕಾರ ಹೇಳಿದ್ದು ಎರಡು ಗುಂಡಿ ತೆಗೆಯಿರಿ ಅಂತ. ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರ್‌ಗಿಂತ ಸ್ವಲ್ಪ ಹೆಚ್ಚು ಆಳ. ಗೋಡೆಯಲ್ಲಿ ಜೇನುಗೂಡಿನಂತೆ ಸಂದು. ತಳಕ್ಕೆ ಸಿಮೆಂಟ್ ಇಲ್ಲ. ಒಂದು ಗುಂಡಿ ತುಂಬಿದ ಮೇಲೆ ನಡುವಿನ ಸಣ್ಣ ತೊಟ್ಟಿಯಲ್ಲಿ ದಾರಿ ಬದಲಿಸಿ ಎರಡನೆಯದಕ್ಕೆ ಬಿಡಬೇಕು. ತುಂಬಿದ ಗುಂಡಿಯನ್ನು ಎರಡು ವರ್ಷ ಮುಟ್ಟಬಾರದು. ಅಷ್ಟರಲ್ಲಿ ನೀರು ಇಂಗಿ, ಹೊಲಸು ಕರಗಿ, ಒಣ ಗೊಬ್ಬರ ಆಗುತ್ತದೆ. ನೋಡಲು ಚಹಾಪುಡಿ ಇದ್ದಂತೆ. ವಾಸನೆ ಇಲ್ಲ.

2017ರ ಫೆಬ್ರುವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಇಂಥ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದರು. "ಮ್ಯಾಲೆ ಇಳೀಬ್ಯಾಡ್ರಿ ಅಂದ್ರಿ, ಈಗ ಸಾಹೇಬರು ಇಳದ್ರು ಅಂತೀರಿ?" ಎಂದು ತರಗತಿಯಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಅದು ಎರಡು ಗುಂಡಿಯಲ್ಲಿ ಒಂದು. ವರ್ಷಗಟ್ಟಲೆ ಮುಚ್ಚಿ ಒಣಗಿದ್ದು. ಆಳ ಎದೆಮಟ್ಟ. ಸೆಪ್ಟಿಕ್ ಟ್ಯಾಂಕ್ ಹಾಗಲ್ಲ. ಅದರಲ್ಲಿ ಇವತ್ತಿನ ಹೊಲಸೂ ಇದೆ, ನೀರೂ ಇದೆ, ಗ್ಯಾಸೂ ಇದೆ. ಎರಡನ್ನೂ ಒಂದೇ ಅಂತ ತಿಳಿದರೆ ಜೀವಕ್ಕೆ ಅಪಾಯ.

ನಮ್ಮ ಊರುಗಳಲ್ಲಿ ಆದದ್ದೇನು? ಕೆಲವರು ಎರಡೂ ಗುಂಡಿಗೆ ಒಮ್ಮೆಲೇ ದಾರಿ ಬಿಟ್ಟರು. ಎರಡೂ ಕೂಡಿ ತುಂಬಿದವು. ಯಾವುದಕ್ಕೂ ವಿಶ್ರಾಂತಿ ಇಲ್ಲ. ಕೆಲವರು "ನಮ್ಮ ಜೀವಮಾನದಾಗ ತುಂಬಬಾರದು" ಎಂದು ಬಾವಿಯಂಥ ಒಂದೇ ಗುಂಡಿ ತೋಡಿಸಿದರು. ಹೊಲಸು ನೇರ ಅಂತರ್ಜಲಕ್ಕೆ ಇಳಿಯಿತು. ದೊಡ್ಡದು ಯಾಕೆ ಬೇಕು ಎಂದರೆ, ಮುಂದೆ ಖಾಲಿ ಮಾಡುವ ಮಾತೇ ಬೇಡ, ಅದು ನಮ್ಮ ಕೆಲಸ ಅಲ್ಲ ಎಂಬ ಹೇಸಿಗೆ. ಇದು ನಮಗೆ ತೋಚಿದ ಮಾತು. ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ. ಐದು ಜನರ ಮನೆಯ ಸೆಪ್ಟಿಕ್ ಟ್ಯಾಂಕಿಗೆ 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ನೀರಿನ ಆಳ ಸಾಕು. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿಸಿದರಾಯಿತು. ಗುಂಡಿಯಿಂದ ಕುಡಿಯುವ ನೀರಿನ ಬಾವಿ ಕನಿಷ್ಠ 10 ಮೀಟರ್ ದೂರ ಇರಬೇಕು. ಟಾಕಿಯ ಇಂಗುಗುಂಡಿಯಿಂದಾದರೆ 18 ಮೀಟರ್, ಅಂದರೆ ಸುಮಾರು 60 ಅಡಿ.

ಟಾಕಿ ಕೆಡುವುದು ಯಾಕೆ?

ಟಾಕಿಯ ಜೀವಿಗಳಿಗೆ ಆ್ಯಸಿಡ್ ವಿಷ. ದಿನಾ ಆ್ಯಸಿಡ್, ಫಿನಾಯಿಲ್ ಸುರಿದರೆ ಅವು ಸಾಯುತ್ತವೆ. ರಾಡಿ ಕರಗುವುದಿಲ್ಲ. ಟಾಕಿ ಬೇಗ ತುಂಬುತ್ತದೆ. ನೀರು ಹಾಕಿ ಬ್ರಷ್‌ನಿಂದ ತಿಕ್ಕಿರಿ, ಸಾಕು. ಮುಟ್ಟಿನ ಬಟ್ಟೆ, ಪ್ಯಾಡು, ಗುಟಕಾ ಚೀಟಿ, ಬೀಡಿ ಎಲೆಯ ಚೂರು, ತಂಬಾಕಿನ ಕಸ, ಮಕ್ಕಳ ಡೈಪರ್, ಇವು ಯಾವುವೂ ಕರಗುವ ವಸ್ತು ಅಲ್ಲ. ಪೈಪಿನಲ್ಲೇ ಸಿಕ್ಕಿಕೊಳ್ಳುತ್ತವೆ. ಬಚ್ಚಲ ನೀರನ್ನೂ ಟಾಕಿಗೆ ಬಿಡಬೇಡಿ. ಒಮ್ಮೆಲೇ ಬಹಳ ನೀರು ನುಗ್ಗಿದರೆ ತಳದ ರಾಡಿ ಎದ್ದು ಇಂಗುಗುಂಡಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಬಚ್ಚಲ ನೀರು ಬಾಳೆಗೆ, ತೆಂಗಿಗೆ ಹೋಗಲಿ. ಗಾಳಿ ಪೈಪಿನ ತುದಿಗೆ ಸೊಳ್ಳೆ ಜಾಳಿಗೆ ಕಟ್ಟಿರಿ. ಮುಚ್ಚಳ ಬಿರುಕು ಬಿಟ್ಟಿದ್ದರೆ ಇವತ್ತೇ ಬದಲಿಸಿರಿ. ಮಕ್ಕಳು ಅದರ ಮೇಲೇ ಕುಣಿಯುತ್ತಾರೆ.

ನೀರು ಹಾಕಿದರೆ ನಿಧಾನ ಇಳಿಯುತ್ತದೆಯೇ? ಗುಳುಗುಳು ಸಪ್ಪಳ ಬರುತ್ತದೆಯೇ? ಬ್ಯಾಸಿಗೆಯಲ್ಲೂ ಇಂಗುಗುಂಡಿಯ ಮೇಲೆ ಹಸಿ ಇದೆಯೇ? ಹಾಗಾದರೆ ಟಾಕಿ ತುಂಬುತ್ತಿದೆ.

ನದಿ ಬಂದಾಗ

ಅಥಣಿಯ ಮೂಡಣ ಊರುಗಳಲ್ಲಿ ನೀರಿಗೇ ಬರ. ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯವರ ಪಾಡು ಬೇರೆ. ಯಡೂರು, ಕುಡಚಿ, ಉಗಾರ, ಜುಗೂಳ ಕಡೆಯವರಿಗೆ 2019ರ ಆಗಸ್ಟ್ ಹೇಳಿಕೊಡಬೇಕಾಗಿಲ್ಲ. 2021ರ ಜುಲೈನಲ್ಲಿ ನದಿ ಮತ್ತೆ ಬಂತು. ಹೊಳೆಯ ನೀರು ಟಾಕಿಗೆ ನುಗ್ಗಿದರೆ ಹೊಲಸು ಹೊರಗೆ ಬಂದು ಬಾವಿ, ಬೋರು ಎಲ್ಲಾ ಸೇರುತ್ತದೆ. ಗಂಜಿ ಕೇಂದ್ರದಿಂದ ಮನೆಗೆ ಬಂದ ಮೇಲೆ ಕುದಿಸದ ನೀರು ಕುಡಿಯಬೇಡಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಆಶಾ ಕಾರ್ಯಕರ್ತೆಗೆ ಹೇಳಿರಿ.

ಬಂದ ದಿನವೇ ಟಾಕಿ ಖಾಲಿ ಮಾಡಿಸಬೇಡಿ. ಇದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮದು ಎರಿ ಮಣ್ಣು. ನೀರು ಕುಡಿದು ಉಬ್ಬಿರುತ್ತದೆ. ಟಾಕಿಯ ಒಳಗೆ ಖಾಲಿ, ಹೊರಗೆ ನೀರಿನ ಒತ್ತಡ. ಗೋಡೆ ಒಡೆಯಬಹುದು, ಟಾಕಿಯೇ ಮೇಲೆ ಏಳಬಹುದು. ಮಣ್ಣಿನ ನೀರು ಇಳಿಯುವವರೆಗೆ ಕಾಯಿರಿ. ಎರಡು ಗುಂಡಿಯವರು ಮುಚ್ಚಿಟ್ಟ ಗುಂಡಿ ಮುಳುಗಿದ್ದರೆ ಎರಡು ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಹಿಡಿಯಿರಿ. ಹೊಸದಾಗಿ ಕಟ್ಟುವವರು ಗುಂಡಿಯ ಬಾಯಿ ಎತ್ತರಿಸಿ ಕಟ್ಟಿಸಿರಿ.

ಗೋಡೆಯ ಮೇಲೆ ಬರೆಯುವುದು

ಈಗ ನಮ್ಮ ಮಾನ ಕಳೆದುಕೊಳ್ಳುವ ಸಮಯ. ಅಕ್ಕನ ಮನೆಯಿಂದ ಬಂದ ರಾತ್ರಿ ನಮ್ಮ ಮನೆಯಲ್ಲಿ ಕೇಳಿದೆವು: "ನಮ್ಮ ಟಾಕಿ ಯಾವಾಗ ಖಾಲಿ ಮಾಡಿಸಿದ್ದು?" ಯಾರಿಗೂ ಗೊತ್ತಿಲ್ಲ. ಮುಚ್ಚಳ ಎಲ್ಲಿ? ಅದೂ ಗೊತ್ತಿಲ್ಲ. ಕೊನೆಗೆ ಅತ್ತೆ ತೋರಿಸಿದರು. ಬಟ್ಟೆ ಒಗೆಯುವ ಕಟ್ಟೆಯ ಕೆಳಗಿತ್ತು! ಹನ್ನೊಂದು ವರ್ಷ ಯಾರೂ ತೆಗೆದಿರಲಿಲ್ಲ. ಕಟ್ಟೆ ಒಡೆಸಿ ಖಾಲಿ ಮಾಡಿಸಿದೆವು. ಊರಿಗೆ ಪಾಠ ಹೇಳುವವರ ಮನೆ ಹೀಗಿತ್ತು.

ಅಕ್ಕ ನಮಗಿಂತ ಜಾಣೆ. ಟ್ಯಾಂಕರ್ ಹೋದ ಮೇಲೆ ಇದ್ದಿಲು ತಗೊಂಡು ಪಾಯಖಾನೆಯ ಗೋಡೆಯ ಮೇಲೆ ತಾರೀಖು ಬರೆದಳು. ಮಗ ಬರೆದು ಕೊಡುತ್ತೇನೆ ಎಂದ. "ನನಗ ಬರ್ತೈತಿ, ಸರಿ," ಎಂದಳು. ತಾರೀಖು, ತಿಂಗಳು, ಇಸವಿ. ಕೆಳಗೆ ಮತ್ತೊಂದು ಇಸವಿ, ಎರಡು ಕೂಡಿಸಿ.

ಓದಿರಿ, ಬರೆಯಿರಿ

ನಿಮ್ಮ ಮನೆಯಲ್ಲಿರುವುದು ಟಾಕಿಯೋ, ಎರಡು ಗುಂಡಿಯೋ, ಒಂದೇ ಗುಂಡಿಯೋ? ನೋಡಿ ಬಂದು ಪಾಟಿಯ ಮೇಲೆ ಬರೆಯಿರಿ.

ಅದರ ಮುಚ್ಚಳ ಎಲ್ಲಿದೆ? ಬಾವಿ ಅಥವಾ ಬೋರು ಎಷ್ಟು ಹೆಜ್ಜೆ ದೂರ ಇದೆ? ಎಣಿಸಿರಿ.

ಕೊನೆಯ ಸಲ ಖಾಲಿ ಮಾಡಿಸಿದ ಇಸವಿಗೆ 2 ಕೂಡಿಸಿರಿ. ಬಂದ ಇಸವಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಇಸವಿ ಗೊತ್ತಿಲ್ಲದಿದ್ದರೆ ಅತ್ತೆಯನ್ನು ಕೇಳಿರಿ.